ಕಾಯುವ ನೀರು, ನೀರು ಕಾಯುವವರು

ಕನ್ನಡದಲ್ಲಿ ‘ಕಾಯ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಲೆಯ ಮೇಲಿಟ್ಟ ನೀರು ಕಾಯುತ್ತದೆ. ಹೊಲದಲ್ಲಿ ಬೆಳೆಯನ್ನು ರೈತನು ಕಾಯುತ್ತಾನೆ. ಒಂದು ಬಿಸಿಯಾಗುವುದು, ಇನ್ನೊಂದು ರಕ್ಷಿಸುವುದು. ನಿಘಂಟುಕಾರರು ಇವನ್ನು ಬೇರೆ ಬೇರೆ ಧಾತುಗಳೆಂದು ಎಣಿಸಿ ಮುಂದೆ ಹೋಗುತ್ತಾರೆ. ಮೂವತ್ತು ವರ್ಷಗಳಿಗೂ ಮೀರಿ ತರಗತಿಯಲ್ಲಿ ನಾನೂ ಹಾಗೆಯೇ ಹೇಳಿಕೊಟ್ಟೆ. ಈ ಎರಡು ಅರ್ಥಗಳೂ ಒಂದೇ ಮನೆಯಲ್ಲಿ ಒಕ್ಕಲಿರಬಲ್ಲವೆಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ. ಅದೂ ಕಡಲಾಚೆಯ ಇಂಗ್ಲೆಂಡಿನಲ್ಲಿ, ಮಗಳ ಮನೆಯ ಗೋಡೆಗೆ ತೂಗುಹಾಕಿದ್ದ ಒಂದು ಬಿಳಿಯ ಪೆಟ್ಟಿಗೆಯ ಮುಂದೆ ನಿಂತಿದ್ದಾಗ.

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಮಾಘ ಮಾಸ. ಹೊರಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದಂತೆ ಬಿದ್ದಿತ್ತು. ಮೊಮ್ಮಗಳಿಗೆ ಆಗ ಮೂರು ವಾರ. ಒಂದು ಬೆಳಗ್ಗೆ ಎದ್ದು ನೋಡಿದರೆ ಮನೆಯೆಲ್ಲ ತಣ್ಣಗೆ ಕೊರೆಯುತ್ತಿದೆ. ಗೋಡೆಗಳ ಪಕ್ಕದಲ್ಲಿ ನಿಂತು ಇಡೀ ಮನೆಯನ್ನು ಬೆಚ್ಚಗಿಡುವ ಕಬ್ಬಿಣದ ಹಲಗೆಗಳು ಹೆಣದಂತೆ ತಣ್ಣಗಿವೆ. ಮಗಳು ಕೂಸನ್ನು ಎದೆಗೆ ಅವುಚಿಕೊಂಡು, “ಅಪ್ಪಾ, ಬಾಯ್ಲರ್ ನಿಂತುಹೋಗಿದೆ. ರಿಪೇರಿಯವರು ನಾಳಿದ್ದು ಬರುತ್ತಾರಂತೆ” ಎಂದಳು. ಅಳಿಯ ಬೇರೆ ಊರಿನಲ್ಲಿದ್ದ. ಮೂರು ವಾರದ ಶಿಶುವಿಗೆ ನಾಳಿದ್ದು ಎಂಬುದು ಎಷ್ಟು ದೂರದ ಮಾತು ಎಂಬುದನ್ನು ಕೇಳುಗರಾದ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ.

ನಾನು ಬಾಯ್ಲರಿನ ಮುಂದೆ ಹೋಗಿ ನಿಂತೆ. ಅದರ ಕೆಳಗೆ ಗಡಿಯಾರದಂಥ ಒಂದು ಪುಟ್ಟ ಮುಖ. ಅದರಲ್ಲಿ ಒಂದೇ ಮುಳ್ಳು. ಹಸಿರು ಗೆರೆ ಒಂದರಿಂದ ಎರಡರವರೆಗೆ ಇದ್ದಿತು. ಮುಳ್ಳು ಮಾತ್ರ ಸೊನ್ನೆಯ ಬಳಿ ಮಲಗಿದ್ದಿತು. ನೆರೆಮನೆಯ ಮುದುಕರೊಬ್ಬರು ಬಂದು ನೋಡಿ, ಬೆಂಕಿಗೇನೂ ಆಗಿಲ್ಲ, ನೀರಿನ ಒತ್ತಡ ಇಳಿದಿದೆ ಅಷ್ಟೆ, ಒಂದಿಷ್ಟು ತಣ್ಣೀರು ತುಂಬಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದರು. ಆ ಮಾತು ಕೇಳಿದೊಡನೆ ನನ್ನ ಕಿವಿಯಲ್ಲಿ ಐವತ್ತು ವರ್ಷಗಳಾಚೆಯ ಒಂದು ದನಿ ಕೇಳಿಸಿತು: “ತಣ್ಣೀರ ಉಯ್ಯದೆ ಬಿಸಿನೀರು ಎಲ್ಲಿಂದ ಬಂದದು, ಕೂಸೆ?” ಅದು ಮಧುವನಹಳ್ಳಿಯಲ್ಲಿ ನನ್ನ ಅವ್ವ ಹೇಳುತ್ತಿದ್ದ ಮಾತು.

ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಮಾದಪ್ಪನ ಬೆಟ್ಟದ ದಾರಿಯಲ್ಲಿ ಹೊರಟವರಿಗೆ ಮಧುವನಹಳ್ಳಿ ಸಿಕ್ಕುತ್ತದೆ. ನಮ್ಮ ಬಾಲ್ಯದಲ್ಲಿ ಬಚ್ಚಲುಮನೆ ಎಂದರೆ ಮಣ್ಣಿನ ಒಲೆ, ಅದರ ಮೇಲೆ ಕಂಠದವರೆಗೆ ಹೂತ ಹಂಡೆ. ಸೌದೆಗೆ ಹಿಪ್ಪುನೇರಳೆಯ ಒಣಕಡ್ಡಿ, ತೆಂಗಿನ ಗರಿ, ಕರಟ. ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಕಡ್ಡಿ ನಮ್ಮ ಮೈಗೆ ಬಿಸಿನೀರಾಗುತ್ತಿದ್ದಿತು. ವರ್ಷಕ್ಕೊಮ್ಮೆ ಆ ಹಂಡೆಗೂ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಾವಿಯಿಂದ ಹೊಸ ನೀರು ಸೇದಿ ತುಂಬುವ ‘ನೀರು ತುಂಬುವ ಹಬ್ಬ’. ಅದೇ ದೀಪಾವಳಿಯಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೇಡಗಂಪಣ ಕುಲದ ೧೦೧ ಹೆಣ್ಣುಮಕ್ಕಳು ಹಳ್ಳದಿಂದ ಕಳಶಗಳಲ್ಲಿ ನೀರು ಹೊತ್ತು ತರುವ ಹಾಲರವಿ ಉತ್ಸವ ನಡೆಯುತ್ತದೆ. ನೀರು ತುಂಬುವುದು ಕೆಲಸವಷ್ಟೇ ಅಲ್ಲ, ವ್ರತವೂ ಹೌದೆಂದು ನಮ್ಮ ಸೀಮೆ ತಿಳಿದಿದ್ದಿತು. ಆ ವ್ರತದ ಭಾರವೆಲ್ಲ ಹೆಣ್ಣುಮಕ್ಕಳ ತಲೆಯ ಮೇಲೆಯೇ ಇದ್ದಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಮುಂದೆ ಸ್ವಲ್ಪ ಅನುಕೂಲವಂತರ ಮನೆಗಳಿಗೆ ತಾಮ್ರದ ಬಾಯ್ಲರ್ ಬಂದಿತು. ಹಿರಿಯ ಕೇಳುಗರಿಗೆ ಅದರ ನೆನಪಿರಬಹುದು. ನಡುವೆ ಬೆಂಕಿಯ ಕೊಳವೆ, ಕೆಳಗೆ ಬೂದಿ ಬೀಳುವ ಜಾಲರಿ, ಕೊಳವೆಯ ಸುತ್ತ ನೀರು. ಒಂದು ಪಕ್ಕದಲ್ಲಿ ಆಲಿಕೆಯಂಥ ಬಾಯಿ. ಅಲ್ಲಿ ಸುರಿದ ತಣ್ಣೀರು ನೇರವಾಗಿ ತಳಕ್ಕಿಳಿಯುತ್ತದೆ. ಕಾದ ನೀರು ಹಗುರ. ಅದು ಮೇಲೆ ನಿಂತಿರುತ್ತದೆ. ಒಂದು ಚೊಂಬು ತಣ್ಣೀರು ಒಳಗೆ ಹೋದರೆ ಒಂದು ಚೊಂಬು ಬಿಸಿನೀರು ಮೇಲಿನ ಮೂತಿಯಿಂದ ಹೊರಗೆ ಬರುತ್ತದೆ. ತಣ್ಣೀರು ಸುರಿಯದೆ ಎಷ್ಟು ಹೊತ್ತು ಕಾದು ಕುಳಿತರೂ ಒಂದು ತೊಟ್ಟೂ ಬಾರದು. ಯಾರದೋ ಮನೆಯ ಮದುವೆಯಲ್ಲಿ ನಾನು ಬರಿಯ ಬಕೆಟ್ಟನ್ನು ಆ ಮೂತಿಯ ಕೆಳಗಿಟ್ಟು ಕಾದು ಕುಳಿತಾಗಲೇ ಅವ್ವ ಆ ಮಾತನ್ನು ಆಡಿದ್ದು. ಬಿಸಿನೀರನ್ನು ಹೊರಗೆ ನೂಕುವುದು ಬೆಂಕಿಯಲ್ಲ, ಹಿಂದಿನಿಂದ ಒತ್ತುವ ತಣ್ಣೀರು. ಬಾಯ್ಲರಿನ ಚರಿತ್ರೆಯ ಮೊದಲ ಪಾಠ ಇದು. ಇದನ್ನು ನಾನು ಕಲಿತದ್ದು ಅಕ್ಷರ ಬಾರದ ತಾಯಿಯಿಂದ.

ಈ ಒತ್ತಡವನ್ನು ಅಳೆಯುವುದನ್ನು ಮನುಷ್ಯ ಕಲಿತದ್ದು ಬಹಳ ತಡವಾಗಿ. ಎಳೆಯುವ ಪಂಪಿನಿಂದ ನೀರನ್ನು ಸುಮಾರು ೧೦ ಮೀಟರಿಗಿಂತ ಮೇಲೆತ್ತಲಾಗದು ಎಂಬುದು ಇಟಲಿಯ ಬಾವಿ ಕೆಲಸದವರಿಗೆ ಅನುಭವದಿಂದ ತಿಳಿದಿದ್ದಿತು. ಅದಕ್ಕೆ ಕಾರಣ ಹುಡುಕುತ್ತ ೧೬೪೩ರಲ್ಲಿ ಟೊರಿಚೆಲ್ಲಿ ಗಾಳಿಗೂ ಭಾರವಿದೆಯೆಂದು ಪಾದರಸದ ಕೊಳವೆಯಿಂದ ತೋರಿಸಿದನು. ಫ್ರಾನ್ಸಿನ ಪಾಸ್ಕಲ್, ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ನಿರೂಪಿಸಿದನು. ಇಂದು ಬಾಯ್ಲರಿನ ಮುಳ್ಳು ತೋರಿಸುವ ‘ಬಾರ್’ ಎಂಬ ಅಳತೆಯೂ ಸ್ಥೂಲವಾಗಿ ಆ ೧೦ ಮೀಟರ್ ಎತ್ತರದ ನೀರಿನ ಕಂಬದ ಭಾರವೇ.

ಲೆಕ್ಕ ಇಷ್ಟು ಸರಳವಾದ ಮೇಲೆ ನಮ್ಮ ನಾಡಿನ ಕಡೆಗೇ ಒಮ್ಮೆ ತಿರುಗಿ ನೋಡಬಹುದು. ಬಿಜಾಪುರದ ಆದಿಲ್ ಶಾಹಿ ಸುಲ್ತಾನರು ತೊರವಿಯ ಕಡೆಯಿಂದಲೂ, ೧೬೫೧ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಮಣ್ಣಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳದು. ಆದುದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಬಂದ ನೀರು ಗೋಪುರದೊಳಕ್ಕೆ ಏರಿ, ಹೂಳನ್ನು ಇಳಿಸಿ, ಬಿಗುವು ಕಳೆದುಕೊಂಡು ಮುಂದಕ್ಕೆ ಹೊರಡುತ್ತಿದ್ದಿತು. ಈಗಲೂ ನಗರದ ನಡುವೆ ಅವುಗಳಲ್ಲಿ ಕೆಲವು ನಿಂತಿವೆ. ಪ್ರವಾಸಿಗಳು ಅವನ್ನು ಕಾವಲು ಬುರುಜುಗಳೆಂದು ತಿಳಿದು ಹೋಗುತ್ತಾರೆ. ಕಾವಲೆಂಬುದೇನೋ ನಿಜ, ಅವು ಕಾದದ್ದು ಕೊಳವೆಗಳನ್ನು. ಬೀದರಿನ ಕೋಟೆಯೊಳಗೆ ರಾಜರ ಹಮಾಮು ಇದ್ದಿತು. ಮುಂದೆ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಆ ಕಟ್ಟಡವೇ ನೆಲೆಯಾಯಿತು.

ನಮ್ಮ ಕೊಳ್ಳೇಗಾಲದ ಮಗ್ಗುಲಲ್ಲಿಯೇ ಇರುವ ಶಿವನಸಮುದ್ರವನ್ನು ನೋಡಿ. ಸುಮಾರು ೪೦೦ ಅಡಿ ಕೆಳಗೆ ಧುಮುಕುವ ಕಾವೇರಿಯನ್ನು ಉಕ್ಕಿನ ಕೊಳವೆಗಳಲ್ಲಿ ಇಳಿಸಿ, ೧೯೦೨ರ ಜೂನ್ ೩೦ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದರು. ಆ ಕೊಳವೆಗಳ ಬುಡದಲ್ಲಿ ನೀರಿನ ಒತ್ತಡ ಹನ್ನೆರಡು ಬಾರಿನಷ್ಟು. ೧೯೭೪ರಲ್ಲಿ ಅದೇ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಎತ್ತಲಾಯಿತು. ಎತ್ತರ ಸುಮಾರು ೫೦೦ ಮೀಟರ್. ಎಂದರೆ ಐವತ್ತು ಬಾರ್. ಅದನ್ನು ಒಂದೇ ಉಸಿರಿಗೆ ಎತ್ತದೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹೆಜ್ಜೆಗಳಲ್ಲಿ ಎತ್ತುತ್ತಾರೆ. ಬಿಜಾಪುರದ ಗಂಜುಗಳ ಹಿಂದಿದ್ದ ವಿವೇಕವೇ ಇಲ್ಲಿಯೂ ಇದೆ: ಒತ್ತಡವನ್ನು ಒಂದೇ ಕಡೆ ಹೇರಬಾರದು, ಹಂಚಬೇಕು.

ಇನ್ನು ಒಂದೇ ಒಲೆಯಿಂದ ಇಡೀ ಮನೆಯನ್ನು ಬೆಚ್ಚಗೆ ಮಾಡುವ ಉಪಾಯದ ವಿಚಾರ. ರೋಮನ್ನರು ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗಿನ ಪೊಳ್ಳಿನಲ್ಲಿ ಬಿಸಿ ಹೊಗೆಯನ್ನು ಹಾಯಿಸುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಅದರ ಅವಶೇಷಗಳುಂಟು. ರೋಮನ್ನರು ಅಲ್ಲಿಂದ ಕಾಲ್ದೆಗೆದ ಮೇಲೆ ಆ ವಿದ್ಯೆಯೂ ಮರೆಯಾಗಿ, ಜನ ಶತಮಾನಗಳ ಕಾಲ ಅಗ್ಗಿಷ್ಟಿಕೆಯ ಮುಂದೆ ಎದೆ ಬೆಚ್ಚಗೆ, ಬೆನ್ನು ತಣ್ಣಗೆ ಮಾಡಿಕೊಂಡು ಕುಳಿತರು. ೧೮೩೧ರಲ್ಲಿ ಲಂಡನ್ನಿನಲ್ಲಿದ್ದ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಎಂಬ ಯಂತ್ರಶಿಲ್ಪಿ, ಸಣ್ಣ ಕಬ್ಬಿಣದ ಕೊಳವೆಗಳಲ್ಲಿ ನೀರನ್ನು ಗಾಳಿಯಾಡದಂತೆ ಬಂಧಿಸಿ, ಹೆಚ್ಚಿನ ಒತ್ತಡದಲ್ಲಿ ಕಾಯಿಸಿ, ಕಟ್ಟಡದ ಸುತ್ತ ಹರಿಯಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ೧೮೫೦ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸಾನ್ ಗಾಲ್ಲಿ ಎಂಬಾತನು ಬಿಸಿನೀರು ತುಂಬಿದ ಎರಕದ ಕಬ್ಬಿಣದ ರೇಡಿಯೇಟರನ್ನು ರೂಪಿಸಿದನು. ಆದರೆ ಇಂಗ್ಲೆಂಡಿನ ಸಾಮಾನ್ಯರ ಮನೆಗಳಿಗೆ ಇದು ವ್ಯಾಪಕವಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ನಮ್ಮ ಸೀಮೆಗೆ ಮನೆ ಬೆಚ್ಚಗಿಡುವ ಯಂತ್ರ ಬೇಕಿರಲಿಲ್ಲ, ಬಿಸಿಲೇ ಸಾಕಾಗಿತ್ತು. ಆದರೆ ಒಂದು ಒಲೆಯ ಕಾವನ್ನು ಕೊಳವೆಗಳಲ್ಲಿ ಹಲವು ಕಡೆಗೆ ಹಂಚುವ ವಿದ್ಯೆ ಇಲ್ಲಿಗೂ ಬಂದಿತು. ಬಂದದ್ದು ಮನುಷ್ಯರ ಮೈಗಾಗಿ ಅಲ್ಲ, ರೇಷ್ಮೆಯ ಗೂಡಿಗಾಗಿ.

ಕೊಳ್ಳೇಗಾಲ ೧೯೫೬ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆ ಪ್ರಾಂತದ ಹಿಪ್ಪುನೇರಳೆ ರೇಷ್ಮೆಗೆ ಕೊಳ್ಳೇಗಾಲವೇ ಮುಖ್ಯ ನೆಲೆ. ಗೂಡಿನ ಎಳೆಯನ್ನು ಅಂಟು ಹಿಡಿದಿಟ್ಟಿರುತ್ತದೆ. ಕುದಿಯುವ ನೀರಿನಲ್ಲಿ ಆ ಅಂಟು ಸಡಿಲವಾದ ಮೇಲೆಯೇ ನೂರಾರು ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುವುದು. ಚರಕದಲ್ಲಿ ನೂಲು ಬಿಚ್ಚುವವರ ಮುಂದೆ ಒಂದೊಂದು ಒಲೆ, ಒಂದೊಂದು ಬಾಣಲೆ. ಮುಖಕ್ಕೆ ಹೊಗೆ, ಮೂಗಿಗೆ ಬೆಂದ ಹುಳುವಿನ ವಾಸನೆ, ಬೆರಳುಗಳು ಬೆಳಗಿನಿಂದ ಬೈಗಿನವರೆಗೆ ಕುದಿನೀರಿನ ಅಂಚಿನಲ್ಲಿ. ಫಿಲೇಚರ್ ಎಂಬ ಕಾರ್ಖಾನೆ ಬಂದಾಗ ಒಲೆಗಳು ಹೋಗಿ ಹೊರಗೆ ಒಂದೇ ದೊಡ್ಡ ಬಾಯ್ಲರ್ ಕುಳಿತಿತು. ಅದರ ಹಬೆ ಕೊಳವೆಗಳಲ್ಲಿ ಸಾಲು ಸಾಲು ತೊಟ್ಟಿಗಳಿಗೆ ಹರಿಯಿತು. ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರಗಳಲ್ಲಿ ಸರ್ಕಾರಿ ಫಿಲೇಚರುಗಳು ನಡೆದವು. ಹೊಗೆ ತಪ್ಪಿತು, ಕಾವು ಹತೋಟಿಗೆ ಬಂದಿತು. ಬೆರಳಿಗೆ ಮಾತ್ರ ಬಿಡುಗಡೆ ಸಿಕ್ಕಲಿಲ್ಲ.

ನನ್ನ ಅವ್ವ ಚರಕದ ಮನೆಯಲ್ಲಿ ಕೂಲಿಗೆ ಕುಳಿತವಳು. ನಾನು ಎಂ.ಎ. ಮಾಡಿದ್ದು ಆ ದುಡ್ಡಿನಲ್ಲಿ. ಅವಳ ಬೆರಳ ತುದಿಗಳು ನೆನೆದು ಬಿಳುಪೇರಿ, ಬಿರಿದು, ಕಡೆಗೆ ಒರಟಾಗಿ ಸ್ಪರ್ಶವನ್ನೇ ಕಳೆದುಕೊಂಡಿದ್ದವು. ಸಂಜೆ ನಮಗೆ ಸ್ನಾನ ಮಾಡಿಸುವಾಗ ನೀರಿನ ಹದ ನೋಡಲು ಅವಳು ಕೈಬೆರಳು ಅದ್ದುತ್ತಿರಲಿಲ್ಲ. ಸೆರಗು ಸರಿಸಿ ಮೊಣಕೈ ಅದ್ದುತ್ತಿದ್ದಳು. ಅದು ಅವಳ ವಾಡಿಕೆಯೆಂದು ನಾನು ತಿಳಿದಿದ್ದೆ. ಬೆರಳಿಗೆ ಬಿಸಿ ತಿಳಿಯದು ಎಂಬುದು ಕಾರಣವೆಂದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ.

ಬಾಯ್ಲರ್ ದೊಡ್ಡದಾದಂತೆ ಅದನ್ನು ಕಾಯುವ ಹೊಣೆಯೂ ದೊಡ್ಡದಾಯಿತು. ೧೬೭೯ರಲ್ಲಿ ಡೆನಿಸ್ ಪಾಪಾನ್ ಮೂಳೆಯನ್ನೂ ಮೆದುಗೊಳಿಸುವ ಹಬೆಯ ಪಾತ್ರೆಯನ್ನು ಲಂಡನ್ನಿನ ವಿದ್ವಾಂಸರಿಗೆ ತೋರಿಸಿದನು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಮೂಲಪುರುಷ ಅದು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ಕವಾಟವೂ ಅವನ ಬುದ್ಧಿಯಿಂದಲೇ ಹುಟ್ಟಿತು. ೧೮೦೩ರಲ್ಲಿ ಗ್ರೀನ್‌ವಿಚ್ಚಿನಲ್ಲಿ ಟ್ರೆವಿಥಿಕ್ಕನ ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಆಮೇಲೆ ಟ್ರೆವಿಥಿಕ್ ಸೀಸದ ಬಿರಟೆಯೊಂದನ್ನು ಅಳವಡಿಸಿದನು: ನೀರು ಮಟ್ಟಕ್ಕಿಂತ ಇಳಿದರೆ ಸೀಸ ಕರಗಿ, ಹಬೆ ಹೊರಕ್ಕೆ ನುಗ್ಗಿ, ಅನಾಹುತ ತಪ್ಪುತ್ತದೆ. ಗಮನಿಸಬೇಕು: ಬಾಯ್ಲರಿಗೆ ಹೆಚ್ಚಿದ ಒತ್ತಡ ಎಷ್ಟು ಶತ್ರುವೋ ಕಡಿಮೆಯಾದ ನೀರೂ ಅಷ್ಟೇ ಶತ್ರು. ನೀರಿಲ್ಲದ ಕಡೆ ಬೆಂಕಿ ಲೋಹವನ್ನೇ ತಿನ್ನುತ್ತದೆ.

ನಮ್ಮ ದೇಶದಲ್ಲಿ ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ ೧೮೬೪ರಲ್ಲಿ ಬಂಗಾಳಕ್ಕೆ ಒಂದು ಶಾಸನ ಬಂದಿತು. ೧೯೨೩ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯಿದೆಯಾಯಿತು. ನೂರು ವರ್ಷ ನಡೆದ ಆ ಕಾಯಿದೆಯ ಜಾಗಕ್ಕೆ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ೧೯೨೩ರ ಕಾಯಿದೆ ಕಣ್ಣಿಟ್ಟದ್ದು ೫ ಗ್ಯಾಲನ್ನಿಗೂ ಮೀರಿದ, ಹಬೆಯನ್ನು ಹೊರಗಿನ ಕೆಲಸಕ್ಕೆ ಕಳುಹಿಸುವ ಮುಚ್ಚಿದ ಪಾತ್ರೆಗಳ ಮೇಲೆ. ನಮ್ಮ ಬಚ್ಚಲಿನ ತಾಮ್ರದ ಬಾಯ್ಲರಿಗೆ ಬಾಯಿಯೂ ಮೂತಿಯೂ ತೆರೆದೇ ಇದ್ದುದರಿಂದ ಅದು ಸಿಡಿಯುವ ಭಯವಿರಲಿಲ್ಲ, ಕಾನೂನಿನ ಗೊಡವೆಯೂ ಇರಲಿಲ್ಲ. ಕಾರ್ಖಾನೆಯ ಬಾಯ್ಲರನ್ನಾದರೋ ಅರ್ಹತಾಪತ್ರವಿರುವ ಒಬ್ಬನು ಕಣ್ಣು ಮಿಟುಕಿಸದೆ ನೋಡಿಕೊಳ್ಳಬೇಕು. ಗಾಜಿನ ಕೊಳವೆಯಲ್ಲಿ ನೀರಿನ ಗೆರೆ ಎಲ್ಲಿದೆ ಎಂಬುದೇ ಅವನ ಜಪ. ಶಾಸನ ಆ ಹಬೆಯನ್ನು ಕಾಯಿತು, ಬಾಯ್ಲರನ್ನು ಕಾಯಿತು. ತೊಟ್ಟಿಯ ಮುಂದೆ ಕುಳಿತವಳ ಬೆರಳನ್ನು ಕಾಯುವ ಕವಾಟವನ್ನು ಮಾತ್ರ ಯಾರೂ ಕಂಡುಹಿಡಿಯಲಿಲ್ಲ.

ಮತ್ತೆ ಮಗಳ ಮನೆಗೆ ಬರುತ್ತೇನೆ. ಅಲ್ಲಿನ ವ್ಯವಸ್ಥೆ ಪರ್ಕಿನ್ಸನ ವಂಶದ್ದೇ: ಮುಚ್ಚಿದ ಕೊಳವೆಗಳಲ್ಲಿ ಅದೇ ನೀರು ತಿರುತಿರುಗಿ ಹರಿಯುತ್ತದೆ. ಎರಡು ಅಂತಸ್ತಿನ ಮನೆ. ಬಾಯ್ಲರಿನಿಂದ ಮೇಲಿನ ರೇಡಿಯೇಟರಿಗೆ ಐದು ಮೀಟರ್ ಎಂದುಕೊಂಡರೆ ನೀರು ಅಲ್ಲಿಗೆ ಏರಲು ಅರ್ಧ ಬಾರ್ ಬೇಕು. ಅದಕ್ಕೊಂದಿಷ್ಟು ಮೀಸಲು ಸೇರಿಸಿ, ತಣ್ಣಗಿರುವಾಗ ಒಂದರಿಂದ ಒಂದೂವರೆ ಬಾರ್ ಇರಲಿ ಎಂದು ನಿಯಮ. ನೀರು ಕಾದು ಹಿಗ್ಗಿದಾಗ ಆ ಹಿಗ್ಗನ್ನು ನುಂಗಿಕೊಳ್ಳಲು ರಬ್ಬರಿನ ಪೊರೆಯಿರುವ ಗಾಳಿಯ ಗುಂಡಿಗೆಯೊಂದು ಇದೆ. ಅದೂ ಸಾಲದೆ ಮೂರು ಬಾರ್ ಮುಟ್ಟಿದರೆ ಪಾಪಾನನ ಕವಾಟ ತೆರೆದು ನೀರನ್ನು ಮನೆಯ ಹೊರಗೆ ಸುರಿಯುತ್ತದೆ. ಒತ್ತಡ ತೀರ ಇಳಿದರೆ ಯಂತ್ರ ತನ್ನ ಬೆಂಕಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಬೆಳಗ್ಗೆ ಅದು ಕೆಟ್ಟು ನಿಂತಿರಲಿಲ್ಲ. ತನ್ನನ್ನೂ ನಮ್ಮನ್ನೂ ಕಾದುಕೊಂಡು ನಿಂತಿದ್ದಿತು.

ಬಾಯ್ಲರನ್ನು ಆರಿಸಿ, ತಣ್ಣಗಾಗಿದೆಯೆಂದು ಖಚಿತ ಮಾಡಿಕೊಂಡೆವು. ಮನೆಯ ತಣ್ಣೀರಿನ ಕೊಳವೆಗೂ ಈ ಮುಚ್ಚಿದ ವ್ಯವಸ್ಥೆಗೂ ನಡುವೆ ಹೆಣೆದ ತಂತಿಯ ಹೊದಿಕೆಯ ಒಂದು ಸಣ್ಣ ಕೊಳವೆ, ಅದರ ಎರಡು ತುದಿಗೂ ಒಂದೊಂದು ಕೀಲಿ. ಮುದುಕರು ಒಂದನ್ನು ತೆರೆದರು, ಇನ್ನೊಂದನ್ನು ನನ್ನ ಕೈಯಲ್ಲಿ ಮೆಲ್ಲನೆ ತಿರುಗಿಸಿದರು. ಸೊಯ್ ಎಂದು ನೀರು ನುಗ್ಗಿದ ಸದ್ದು. ಮುಳ್ಳು ಎದ್ದಿತು, ಅರ್ಧ ದಾಟಿತು, ಒಂದು ದಾಟಿತು. ಒಂದೂವರೆಗೆ ಸ್ವಲ್ಪ ಮೊದಲೇ ಎರಡೂ ಕೀಲಿಗಳನ್ನು ಬಿಗಿಯಾಗಿ ಮುಚ್ಚಿದೆವು. ಗುಂಡಿ ಒತ್ತಿದೊಡನೆ ಒಳಗೆ ಬೆಂಕಿ ಹೊತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ಕೂಸಿನ ಕೋಣೆ ಬೆಚ್ಚಗಾಯಿತು. ತಣ್ಣೀರು ಉಯ್ದೆವು, ಬಿಸಿ ಬಂದಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕನೆಯ ದಿನ ಮುಳ್ಳು ಮತ್ತೆ ಇಳಿದಿತು. ಮತ್ತೆ ತುಂಬಿದರಾಯಿತು ಎಂದು ನಾನು ಕೈಹಾಕಹೋದೆ, ಮುದುಕರು ತಡೆದರು. ಮುಚ್ಚಿದ ವ್ಯವಸ್ಥೆಯ ನೀರು ಎಲ್ಲಿಗೂ ಹೋಗಬಾರದು. ಹೋಗುತ್ತಿದೆಯೆಂದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಹಿಗ್ಗನ್ನು ನುಂಗುವ ಗುಂಡಿಗೆಯ ಗಾಳಿ ಇಳಿದು ಕವಾಟ ನೀರನ್ನು ಹೊರಗೆ ಚೆಲ್ಲುತ್ತಿದೆ. ಹೊಸ ನೀರು ಬಂದಂತೆಲ್ಲ ಅದರೊಡನೆ ಪ್ರಾಣವಾಯುವೂ ಬಂದು ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಪದೇ ಪದೇ ತುಂಬುವುದು ರೋಗವನ್ನು ಬಚ್ಚಿಡುವುದೇ ಹೊರತು ವಾಸಿ ಮಾಡುವುದಲ್ಲ. ಹುಡುಕಿದೆವು. ಹೊರಗಿನ ಕೊಳವೆಯ ಬಾಯಿ ಒಣಗಿದ್ದಿತು. ಹಾಗಾಗಿ ಕವಾಟದ ತಪ್ಪಲ್ಲ. ಪ್ರತಿಯೊಂದು ರೇಡಿಯೇಟರಿನ ಕೀಲಿಯ ಕೆಳಗೂ ಒಣ ಕಾಗದ ಹಾಸಿದೆವು. ಬೆಳಗ್ಗೆ ನೋಡಿದರೆ ಮೇಲಿನ ಕೋಣೆಯಲ್ಲಿ, ಕೂಸಿನ ತೊಟ್ಟಿಲ ಹಿಂದೆಯೇ, ರೂಪಾಯಿಯಗಲ ಕಾಗದ ಒದ್ದೆಯಾಗಿದೆ. ಅಲ್ಲಿಯ ತಿರುಪು ಸಡಿಲವಾಗಿದ್ದಿತು. ರಿಪೇರಿಯವನು ಬಂದು ಅದನ್ನು ಬಿಗಿದು, ಗುಂಡಿಗೆಯ ಗಾಳಿಯನ್ನೂ ಪರೀಕ್ಷಿಸಿ ಹೋದನು. ಬಾಯ್ಲರಿನ ಮುಚ್ಚಳವನ್ನು ತೆಗೆಯುವ ಕೆಲಸಕ್ಕೆ ನಾವು ಕೈಹಾಕಲಿಲ್ಲ. ಅನಿಲದ ಬೆಂಕಿಯಿರುವ ಆ ಭಾಗ ಪರವಾನಗಿ ಪಡೆದವರದು. ಆಮೇಲೆ ಮುಳ್ಳು ಕದಲಲಿಲ್ಲ.

ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬೆಂಕಿಯ ಕಡೆಯಿಂದ ಓದುತ್ತೇವೆ. ಹಬೆ ಬಂದಿತು, ಕಾರ್ಖಾನೆ ಬಂದಿತು, ವಿದ್ಯುತ್ತು ಬಂದಿತು ಎಂದು ಸಾಲು ಸಾಲಾಗಿ ಹೇಳುತ್ತೇವೆ. ಆ ಬೆಂಕಿಯ ಹಿಂದೆ ನಿಂತು ತಣ್ಣೀರು ಉಯ್ದವರ ಕಡೆಯಿಂದ ಓದುವುದು ಅಪರೂಪ. ಬಾವಿಯಿಂದ ಹಂಡೆಗೆ ಕೊಡ ಹೊತ್ತವಳು, ಗಾಜಿನ ಕೊಳವೆಯ ಗೆರೆಯನ್ನು ನೋಡುತ್ತ ರಾತ್ರಿ ಕಳೆದ ಬಾಯ್ಲರಿನವನು, ತೊಟ್ಟಿಯಲ್ಲಿ ಎಳೆ ಹುಡುಕಿದ ಬೆರಳು, ಇವರ ಒತ್ತಡದಿಂದಲೇ ಬಿಸಿ ಎಂಬುದು ಹೊರಗೆ ಬಂದದ್ದು. ಅವರಲ್ಲಿ ಯಾರು ಎಷ್ಟು ಬರಿದಾದರೆಂಬುದನ್ನು ತೋರಿಸುವ ಮುಳ್ಳು ಯಾವ ಪೆಟ್ಟಿಗೆಯ ಮೇಲೂ ಇರಲಿಲ್ಲ.

ಆ ಸಂಜೆ ಕೂಸಿಗೆ ಸ್ನಾನ. ಅಲ್ಲಿನ ದಾದಿ ಹಿಂದಿನ ವಾರ ಬಂದು ಮಗಳಿಗೆ ಹೇಳಿಹೋಗಿದ್ದಳಂತೆ: ಶಿಶುವಿನ ನೀರಿನ ಹದವನ್ನು ಬೆರಳಿನಿಂದ ನೋಡಬಾರದು, ಬೆರಳಿಗೆ ಸರಿಯಾಗಿ ತಿಳಿಯದು, ಮೊಣಕೈಯಿಂದ ನೋಡಬೇಕು. ಮಗಳು ತೋಳು ಮಡಿಸಿ ತೊಟ್ಟಿಯಲ್ಲಿ ಮೊಣಕೈ ಅದ್ದಿದಳು. ಅವಳು ತನ್ನ ಅಜ್ಜಿಯನ್ನು ಕಂಡವಳಲ್ಲ. ನಾನು ಏನನ್ನೂ ಹೇಳಲಿಲ್ಲ. ಒಂದು ಚೊಂಬು ತಣ್ಣೀರನ್ನು ತಂದು ಅವಳ ಪಕ್ಕದಲ್ಲಿಟ್ಟೆ.